ಜರ್ಮನಿಯಲ್ಲಿ ಸಂಬಳದ ಕೆಲಸ ಬಿಟ್ಟು ಸ್ವಂತ ಕೆಲಸಕ್ಕೆ ಇಳಿಯುವ ಮುನ್ನ

ನಮಸ್ಕಾರ. ಬ್ಲೂ ಕಾರ್ಡ್ (ಹೆಚ್ಚು ಓದಿದ ವಿದೇಶಿ ನೌಕರರಿಗೆ ಕೊಡುವ ವಾಸದ ಪರವಾನಗಿ) ಮೇಲೆ ಜರ್ಮನಿಗೆ ಬಂದು ಎಂಟು ತಿಂಗಳಾಗಿದೆ, ನಿಮ್ಮ ಈಗಿನ ಸಂಬಳವನ್ನು ಗಂಟೆಯ ಲೆಕ್ಕಕ್ಕೆ ಇಳಿಸಿದರೆ ಬರುವ ಮೊತ್ತದ ಎರಡರಷ್ಟನ್ನು ಕೊಡುತ್ತೇವೆಂದು ಇನ್ನೊಂದು ಕಂಪನಿ ಫ್ರೀಲಾನ್ಸ್ ಕೆಲಸಕ್ಕೆ ಕರೆಯುತ್ತಿದೆ, ಹೋಗಬಹುದೇ ಎಂದು ಕೇಳಿದ್ದೀರಿ. ನಾನು ಇಲ್ಲಿ ಆರು ವರ್ಷ ಸಂಬಳಕ್ಕೆ ದುಡಿದು, ಕಳೆದ ಏಳು ವರ್ಷಗಳಿಂದ ಅದೇ ಸಾಫ್ಟ್‌ವೇರ್ ಕೆಲಸವನ್ನು ಸ್ವಂತವಾಗಿ ಮಾಡುತ್ತಿದ್ದೇನೆ. ಹೋಗುವುದೇ ತಪ್ಪೆಂದು ನಾನು ಹೇಳಲಾರೆ, ಆದರೆ ಎಂಟನೆಯ ತಿಂಗಳಿನಲ್ಲಿ ಹೋಗುವುದು ತಪ್ಪೆಂದು ಖಂಡಿತವಾಗಿ ಹೇಳುತ್ತೇನೆ.

ಮೊದಲಿಗೆ ಪರವಾನಗಿಯ ಮಾತು. ಬ್ಲೂ ಕಾರ್ಡ್ ನಿಮಗೆ ಸಿಕ್ಕಿರುವುದು ಒಬ್ಬ ಮಾಲೀಕರ ಬಳಿ ಸಂಬಳಕ್ಕೆ ಕೆಲಸ ಮಾಡಲು. ಸ್ವಂತ ಕೆಲಸಕ್ಕೆ ವಲಸಿಗರ ಕಚೇರಿಯ ಪ್ರತ್ಯೇಕ ಅನುಮತಿ ಬೇಕು, ಅದು ಕೈಗೆ ಬರುವ ಮೊದಲೇ ರಾಜೀನಾಮೆ ಕೊಟ್ಟರೆ ಇಲ್ಲಿ ಉಳಿಯುವ ಆಧಾರವೇ ಅಲುಗಾಡುತ್ತದೆ. ಅದೇ ಬ್ಲೂ ಕಾರ್ಡ್ ಮೇಲೆ ಪಿಂಚಣಿ ವಂತಿಗೆ ಕಟ್ಟುತ್ತಾ 27 ತಿಂಗಳು ಕಳೆದರೆ, ಇಲ್ಲವೇ ಬಿ1 ಮಟ್ಟದ, ಅಂದರೆ ದಿನಬಳಕೆಗೆ ಸಾಲುವಷ್ಟು, ಜರ್ಮನ್ ಕಲಿತಿದ್ದರೆ 21 ತಿಂಗಳಿಗೇ, ಕಾಯಂ ವಾಸದ ಪರವಾನಗಿಗೆ ಅರ್ಜಿ ಹಾಕಬಹುದು. ಅದು ಬಂದ ಮೇಲೆ ನೀವು ಸಂಬಳಕ್ಕೆ ದುಡಿಯುತ್ತೀರೋ ಸ್ವಂತಕ್ಕೆ ದುಡಿಯುತ್ತೀರೋ ಎಂದು ಆ ಕಚೇರಿ ಕೇಳುವುದಿಲ್ಲ. ನಿಮ್ಮ ಲೆಕ್ಕದಲ್ಲಿ ಉಳಿದಿರುವುದು ಹದಿಮೂರು ತಿಂಗಳು ಮತ್ತು ಒಂದು ಭಾಷಾ ಪರೀಕ್ಷೆ.

ಇನ್ನು ಆ ಎರಡು ಪಟ್ಟು ದರವನ್ನು ಬಿಡಿಸಿ ನೋಡೋಣ. ವರ್ಷದ 365 ದಿನಗಳಲ್ಲಿ ಶನಿವಾರ ಭಾನುವಾರಗಳು 104, ಸಾರ್ವಜನಿಕ ರಜೆಗಳು ಸುಮಾರು ಹತ್ತು. ರಜೆಗೆಂದು 25 ದಿನ, ಕಾಯಿಲೆಗೆಂದು ಹತ್ತು ದಿನ ತೆಗೆದರೆ 216 ಉಳಿಯುತ್ತವೆ, ಮತ್ತು ವಾರಕ್ಕೆ ಒಂದು ದಿನ ಬಿಲ್ಲು ಬರೆಯಲು, ಲೆಕ್ಕ ಇಡಲು, ಮುಂದಿನ ಗ್ರಾಹಕರನ್ನು ಹುಡುಕಲು ಹೋಗುವುದರಿಂದ ಹಣ ಹುಟ್ಟುವ ದಿನಗಳು 170ರ ಆಸುಪಾಸಿಗೆ ಇಳಿಯುತ್ತವೆ. ಸಂಬಳದಾರರಿಗೆ ರಜೆಯ ದಿನವೂ ಸಂಬಳ ಬರುತ್ತದೆ, ಕಾಯಿಲೆ ಬಿದ್ದರೆ ಆರು ವಾರಗಳವರೆಗೆ ಮಾಲೀಕರೇ ಪೂರ್ತಿ ಕೊಡುತ್ತಾರೆ. ನಿಮ್ಮ ಆರೋಗ್ಯ ವಿಮೆಯ ಅರ್ಧ ಹೊರೆಯನ್ನೂ, 18.6 ಶೇಕಡಾ ಪಿಂಚಣಿ ವಂತಿಗೆಯಲ್ಲಿ 9.3ನ್ನೂ ಈಗ ಕಂಪನಿ ಹೊತ್ತಿದೆ. ಸಂಬಳದ ಚೀಟಿಯಲ್ಲಿ ನಿಮ್ಮ ಪಾಲಿನ ಕಡಿತವಷ್ಟೇ ಎದ್ದು ಕಾಣುವುದರಿಂದ ಈ ಇನ್ನೊಂದು ಪಾಲು ನೆನಪಿಗೇ ಬರುವುದಿಲ್ಲ. ಸ್ವಂತಕ್ಕೆ ನಿಂತು ಒಳ್ಳೆಯ ಆದಾಯ ಗಳಿಸುವವರಿಗೆ ಸರ್ಕಾರಿ ಆರೋಗ್ಯ ವಿಮೆಯೂ, ಮುಂದೆ ಪರರ ಆರೈಕೆ ಬೇಕಾದರೆ ನೆರವಾಗುವ ಆರೈಕೆ ವಿಮೆಯೂ ಸೇರಿ ತಿಂಗಳಿಗೆ 1,000 ಯೂರೋ ದಾಟುತ್ತದೆ. ಪಿಂಚಣಿಯನ್ನು ನಮ್ಮಂಥ ಕೆಲಸದವರು ಕಟ್ಟಲೇಬೇಕೆಂಬ ನಿಯಮ ಸಾಮಾನ್ಯವಾಗಿ ಇಲ್ಲ, ಹಾಗಾಗಿಯೇ ಬಹಳ ಮಂದಿ ಏನನ್ನೂ ಕಟ್ಟದೆ ವರ್ಷಗಳನ್ನು ಕಳೆಯುತ್ತಾರೆ. ಇಷ್ಟೆಲ್ಲ ಕಳೆದರೆ ಎರಡು ಪಟ್ಟು ಎಂಬುದು ಸರಿಸುಮಾರು ನಿಮ್ಮ ಈಗಿನ ಸಂಬಳಕ್ಕೇ ಬಂದು ನಿಲ್ಲುತ್ತದೆ.

ನನ್ನ ಮೊದಲ ವರ್ಷ ಈ ಲೆಕ್ಕ ನನಗೂ ತಿಳಿದಿರಲಿಲ್ಲ. ಖಾತೆಗೆ ಬಂದ ಹಣವೆಲ್ಲ ನನ್ನದೆಂದೇ ತಿಳಿದು ಖರ್ಚು ಮಾಡಿದೆ, ಬಿಲ್ಲಿನಲ್ಲಿ ಸೇರಿಸಿದ 19 ಶೇಕಡಾ ಮೌಲ್ಯವರ್ಧಿತ ತೆರಿಗೆಯನ್ನು ಮಾತ್ರ ಹೇಗೋ ಮುಟ್ಟದೆ ಉಳಿಸಿದ್ದೆ. ಎರಡನೆಯ ವರ್ಷ ಆದಾಯ ವಿವರ ಸಲ್ಲಿಸಿದಾಗ ಹಿಂದಿನ ವರ್ಷದ ಪೂರ್ತಿ ಆದಾಯ ತೆರಿಗೆಯ ಜೊತೆಗೆ, ಅದೇ ಅಂದಾಜಿನ ಮೇಲೆ ನಡೆಯುತ್ತಿರುವ ವರ್ಷದ ಮುಂಗಡ ತೆರಿಗೆಯನ್ನೂ ಕಟ್ಟಬೇಕೆಂಬ ಆದೇಶ ಒಂದೇ ಲಕೋಟೆಯಲ್ಲಿ ಬಂತು. ಈ ಮುಂಗಡದ ಕಂತು ಕಟ್ಟಬೇಕಾದ ಮಾರ್ಚ್, ಜೂನ್, ಸೆಪ್ಟೆಂಬರ್, ಡಿಸೆಂಬರ್ ತಿಂಗಳುಗಳ 10ನೆಯ ತಾರೀಖು ಇಲ್ಲಿನ ಸ್ವಂತ ಉದ್ಯೋಗಿಗಳಿಗೆ ಬಾಯಿಪಾಠ ಆಗಿರುವುದು ಇದರಿಂದಲೇ. ಅದೇ ಸಮಯಕ್ಕೆ ನನ್ನ ದೊಡ್ಡ ಗ್ರಾಹಕರೊಬ್ಬರು ಎರಡು ತಿಂಗಳ ಬಿಲ್ಲು ಬಾಕಿ ಉಳಿಸಿಕೊಂಡಿದ್ದರು. ಹೆಂಡತಿಯ ಸಂಬಳ ಬರುತ್ತಿತ್ತು, ಆದ್ದರಿಂದ ಮನೆ ನಡೆಯಿತು. (ಸ್ವಂತ ಉದ್ಯೋಗದ ಸಾಹಸವನ್ನು ವರ್ಣಿಸುವವರು ಈ ಒಂದು ವಾಕ್ಯವನ್ನು ಬಿಟ್ಟು ಹೇಳುವುದು ವಾಡಿಕೆ.) ಅಂದಿನಿಂದ ಬಿಲ್ಲಿನ ಹಣ ಬಂದ ದಿನವೇ ಸುಮಾರು ಅರ್ಧವನ್ನು ಬೇರೆ ಖಾತೆಗೆ ಹಾಕುತ್ತಿದ್ದೇನೆ.

ಸಂಬಳದ ಕೆಲಸದ ಭದ್ರತೆಯನ್ನೂ ಅತಿಯಾಗಿ ನಂಬಬೇಕಾಗಿಲ್ಲ, ಆದರೆ ಅದು ಎಲ್ಲಿಂದ ಎಲ್ಲಿಯವರೆಗೆ ಎಂಬುದು ಕಾನೂನಿನಲ್ಲಿ ಸ್ಪಷ್ಟವಾಗಿದೆ. ಹತ್ತಕ್ಕಿಂತ ಹೆಚ್ಚು ನೌಕರರಿರುವ ಕಡೆ ಆರು ತಿಂಗಳು ದಾಟಿದವರನ್ನು ಕಾನೂನು ಒಪ್ಪುವ ಕಾರಣವಿಲ್ಲದೆ ತೆಗೆಯುವಂತಿಲ್ಲ, ತೆಗೆದರೂ ಸಹಿ ಹಾಕಿದ ಕಾಗದದಲ್ಲೇ ತಿಳಿಸಬೇಕು, ಇಮೇಲ್ ನಡೆಯುವುದಿಲ್ಲ, ಮತ್ತು ಮೂರು ವಾರಗಳೊಳಗೆ ನೀವು ಕಾರ್ಮಿಕ ನ್ಯಾಯಾಲಯಕ್ಕೆ ಹೋಗಬಹುದು. ಕೆಲಸ ಹೋದ ಮೇಲೆ ನಿವ್ವಳ ಸಂಬಳದ 60 ಶೇಕಡಾ, ಮಕ್ಕಳಿದ್ದರೆ 67 ಶೇಕಡಾ ನಿರುದ್ಯೋಗ ಭತ್ಯೆ ಕೆಲವು ತಿಂಗಳು ಸಿಗುತ್ತದೆ. ಆದರೆ ಇದಕ್ಕೆ ಕಳೆದ 30 ತಿಂಗಳುಗಳಲ್ಲಿ 12 ತಿಂಗಳಾದರೂ ನಿರುದ್ಯೋಗ ವಿಮೆಯ ವಂತಿಗೆ ಕಟ್ಟಿರಬೇಕು. ನೀವು ಕಟ್ಟಿರುವುದು ಎಂಟು. ಸ್ವಂತ ಕೆಲಸ ಆರಂಭಿಸಿದವರು ಮೂರು ತಿಂಗಳೊಳಗೆ ಅರ್ಜಿ ಹಾಕಿ ಇದೇ ವಿಮೆಯನ್ನು ಸ್ವಇಚ್ಛೆಯಿಂದ ಮುಂದುವರಿಸಬಹುದು, ಅದಕ್ಕೂ ಈ 12 ತಿಂಗಳುಗಳೇ ಅರ್ಹತೆ.

ಹಾಗಿದ್ದರೆ ನಾನೇಕೆ ಹಿಂತಿರುಗಿ ಹೋಗಲಿಲ್ಲ ಎಂದು ನೀವು ಕೇಳಬಹುದು. ಬೇಡವೆನಿಸಿದ ಕೆಲಸಕ್ಕೆ ಬೇಡ ಎನ್ನುವ ಸ್ವಾತಂತ್ರ್ಯ ಒಮ್ಮೆ ರೂಢಿಯಾದರೆ ಬಿಡುವುದು ಕಷ್ಟ, ಮತ್ತು ಈಗ ನಾಲ್ವರು ಗ್ರಾಹಕರಿರುವುದರಿಂದ ಒಬ್ಬರು ಕೈಬಿಟ್ಟರೆ ಆದಾಯದ ಒಂದು ಭಾಗವಷ್ಟೇ ಹೋಗುತ್ತದೆ. ನಿಮ್ಮ ಎದುರಿಗಿರುವುದು ಅಂಥ ಸ್ಥಿತಿಯಲ್ಲ, ಒಬ್ಬರೇ ಗ್ರಾಹಕರು. ಅವರ ಕಚೇರಿಯಲ್ಲಿ, ಅವರು ಹೇಳಿದ ಸಮಯಕ್ಕೆ, ಅವರ ತಂಡದ ಮುಖ್ಯಸ್ಥರ ಮಾತಿನಂತೆ ನಡೆಯುವ ಕೆಲಸಕ್ಕೆ ಫ್ರೀಲಾನ್ಸ್ ಎಂದು ಹೆಸರಿಟ್ಟರೆ ಅದನ್ನು ಇಲ್ಲಿ ತೋರಿಕೆಯ ಸ್ವಉದ್ಯೋಗ ಎಂದು ಕರೆಯುತ್ತಾರೆ. ಪಿಂಚಣಿ ಸಂಸ್ಥೆಯ ತನಿಖೆಯಲ್ಲಿ ಅದು ಸಾಬೀತಾದರೆ ಹಳೆಯ ವಂತಿಗೆಯೆಲ್ಲ ಮುಖ್ಯವಾಗಿ ಕಂಪನಿಯ ತಲೆಗೇ ಬರುತ್ತದೆ, ಆದರೆ ಆ ಹೊತ್ತಿಗೆ ನಿಮ್ಮ ಕೆಲಸವೂ ನಿಂತಿರುತ್ತದೆ.

ನನ್ನ ಸಲಹೆ ಇಷ್ಟು: ಈಗಿನ ಒಪ್ಪಂದದಲ್ಲಿ ಹೆಚ್ಚುವರಿ ಕೆಲಸದ ಬಗ್ಗೆ ಏನು ಬರೆದಿದೆ ಎಂದು ನೋಡಿ, ಮಾಲೀಕರ ಒಪ್ಪಿಗೆಯನ್ನೂ ವಲಸಿಗರ ಕಚೇರಿಯ ಅನುಮತಿಯನ್ನೂ ಪಡೆದು, ಆ ಕಂಪನಿಯಿಂದ ವಾರಕ್ಕೆ ಐದಾರು ಗಂಟೆಗಳ ಸಣ್ಣ ಕೆಲಸವನ್ನು ಕೇಳಿ. ಹಿಂದಿನ ವರ್ಷದ ವಹಿವಾಟು 25,000 ಯೂರೋ ಮೀರದವರು ಸಣ್ಣ ಉದ್ಯಮಿಗಳ ನಿಯಮದಡಿ ಮೌಲ್ಯವರ್ಧಿತ ತೆರಿಗೆಯ ಗೋಜಿಲ್ಲದೆ ಬಿಲ್ಲು ಬರೆಯಬಹುದು. ಸಣ್ಣ ಕೆಲಸಕ್ಕೆ ಆ ಕಂಪನಿಯವರು ಒಪ್ಪದೆ, ಬಂದರೆ ಪೂರ್ತಿ ಸಮಯಕ್ಕೆ, ನಮ್ಮ ಕಚೇರಿಗೇ ಬರಬೇಕು ಎಂದು ಹಟ ಹಿಡಿದರೆ, ಹಾಗಾದರೆ ನೌಕರಿಯನ್ನೇ ಕೊಡಿ ಎಂದು ಕೇಳಿ, ಅವರ ಉತ್ತರವನ್ನು ನನಗೂ ತಿಳಿಸಿ.