ಓವರ್‌ಜೆಟ್ ಅಂದ್ರೆ ಏನು ಡಾಕ್ಟ್ರೇ?

ಪ್ರಶ್ನೆ: ಮಗಳಿಗೆ 13 ವರ್ಷ. ಮೇಲಿನ ಹಲ್ಲು ಮುಂದೆ ಬಂದಿದೆ ಅಂತ ತೋರಿಸಿದೆವು. ‘ಓವರ್‌ಜೆಟ್ 7 ಮಿಲಿಮೀಟರ್, ಕ್ರೌಡಿಂಗ್ ಬೇರೆ ಇದೆ, ನಾಲ್ಕು ಪ್ರೀಮೋಲಾರ್ ತೆಗೆದು ಬ್ರೇಸಸ್, ಕೊನೆಗೆ ರಿಟೈನರ್’ ಅಂದರು. ಸುಮ್ನೆ ತಲೆಯಾಡಿಸಿ ಬಂದೆ. ಒಳ್ಳೆ ಹಲ್ಲು ಯಾಕೆ ಕೀಳಬೇಕು?
– ಒಬ್ಬ ತಾಯಿ, ಹಾಸನ

ಉತ್ತರ: ತಲೆಯಾಡಿಸಿ ಬರುವವರು ನೀವೊಬ್ಬರೇ ಅಲ್ಲ ಬಿಡಿ. ಓವರ್‌ಜೆಟ್ ಅಂದರೆ ಮೇಲಿನ ಮುಂಹಲ್ಲು ಕೆಳಗಿನದಕ್ಕಿಂತ ಎಷ್ಟು ಮುಂದಿದೆ ಅನ್ನೋ ಅಳತೆ. 2-3 ಮಿಲಿಮೀಟರ್ ಇದ್ದರೆ ಸರಿ. ಓವರ್‌ಬೈಟ್ ಬೇರೆ, ಅದು ಮೇಲಿನ ಹಲ್ಲು ಕೆಳಗಿನದನ್ನು ಎಷ್ಟು ಮುಚ್ಚುತ್ತದೆ ಅನ್ನೋದು.

ಕ್ರೌಡಿಂಗ್, ಅಂದರೆ ಹಲ್ಲುಗಳಿಗೆ ಜಾಗ ಸಾಲದಿರೋದು, ನಮ್ಮ ಸಿಟಿ ಬಸ್ ಇದ್ದಂತೆ. ಮೂರು ಜನರ ಸೀಟಲ್ಲಿ ನಾಲ್ಕು ಜನ ಕೂತರೆ ಒಬ್ಬರು ಓರೆಯಾಗಲೇಬೇಕು, ಅಲ್ವಾ? ಅದಕ್ಕೇ ಕೋರೆಹಲ್ಲಿನ ಹಿಂದಿನ ಪ್ರೀಮೋಲಾರ್ ತೆಗೆದು, ಆ ಜಾಗಕ್ಕೆ ಮುಂದಿನ ಹಲ್ಲುಗಳನ್ನು ಹಿಂದಕ್ಕೆ ಎಳೆಯುತ್ತಾರೆ. ಎಲ್ಲರಿಗೂ ಕೀಳಬೇಕಿಲ್ಲ, ಎಕ್ಸ್‌ರೇ ಮುಂದಿಟ್ಟುಕೊಂಡು ‘ಕೀಳದೆ ಆಗಲ್ವಾ?’ ಅಂತ ಕೇಳಿ, ಅದು ನಿಮ್ಮ ಹಕ್ಕು.

ಇನ್ನು ಬ್ರೇಸಸ್, ಅಂದರೆ ಹಲ್ಲಿಗೆ ಹಾಕುವ ಕ್ಲಿಪ್ಪು. ಅದರಲ್ಲಿ ಬ್ರಾಕೆಟ್ ಅಂದರೆ ಹಲ್ಲಿಗೆ ಅಂಟಿಸುವ ಪುಟ್ಟ ಚೌಕ. ಅದರೊಳಗೆ ಹಾಯುವ ತಂತಿಯೇ ಆರ್ಚ್‌ವೈರ್. ಶುರುವಿನಲ್ಲಿ ಹಾಕುವ ನಿಕಲ್-ಟೈಟಾನಿಯಂ ತಂತಿಯನ್ನು ಸೊಟ್ಟ ಹಲ್ಲಿಗೆ ಬಗ್ಗಿಸಿ ಕಟ್ಟಿದರೆ, ಅದು ತನ್ನ ಮೊದಲಿನ ಆಕಾರಕ್ಕೆ ಮರಳಲು ನೋಡುತ್ತಾ ಹಲ್ಲನ್ನೂ ಮೆಲ್ಲಗೆ ಜೊತೆಗೆ ಎಳೆಯುತ್ತದೆ. ಮೊದಲ ಮೂರ್ನಾಲ್ಕು ದಿನ ನೋವಿರುತ್ತೆ, ಮೆತ್ತಗಿನ ಮೊಸರನ್ನ ಕೊಡಿ. ಚಕ್ಕುಲಿ, ಕೋಡುಬಳೆ ಬೇಡ, ಬ್ರಾಕೆಟ್ ಕಿತ್ತು ಬರುತ್ತದೆ.

ರಿಟೈನರ್ ಬಗ್ಗೆ ಮಾತ್ರ ನಾನು ಸ್ವಲ್ಪ ಗದರುತ್ತೇನೆ. ಬ್ರೇಸಸ್ ತೆಗೆದ ಮೇಲೆ ಹಲ್ಲು ಹಳೇ ಜಾಗಕ್ಕೆ ವಾಪಸ್ ಹೊರಡುತ್ತದೆ, ಅದನ್ನು ಹಿಡಿದಿಡೋದು ಇದೇ. ಊಟಕ್ಕೆ ತೆಗೆದು ಟಿಶ್ಯೂನಲ್ಲಿ ಸುತ್ತಿಟ್ಟು, ಎಲೆ ಜೊತೆ ಎಸೆದು ಬರುವ ಮಕ್ಕಳೇ ಜಾಸ್ತಿ. ಡಬ್ಬಿ ಕೊಟ್ಟು ಕಳಿಸಿ.