ಸ್ಪಾನ್ಸರ್‌ಶಿಪ್ ಮಾತು ಯಾವಾಗ ಎತ್ತಬೇಕು?

ಪ್ರಶ್ನೆ: ಬ್ರಿಟನ್ನಿನ ಲೀಡ್ಸ್‌ನಲ್ಲಿ ಡೇಟಾ ಸೈನ್ಸ್ ಎಂಎಸ್‌ಸಿ ಮುಗಿಸಿ, ಓದಿದವರಿಗೆ ಸ್ವಲ್ಪ ಕಾಲ ಇಲ್ಲೇ ಕೆಲಸ ಮಾಡಲು ಕೊಡುವ ಗ್ರಾಜುಯೇಟ್ ವೀಸಾದಲ್ಲಿದ್ದೇನೆ. ಇನ್ನು ಒಂದು ವರ್ಷವೂ ಉಳಿದಿಲ್ಲ. ಆಮೇಲೂ ಇಲ್ಲೇ ಕೆಲಸ ಮಾಡಬೇಕಾದರೆ ಕಂಪನಿಯೇ ನನ್ನ ವೀಸಾಗೆ ಹೊಣೆ ನಿಲ್ಲಬೇಕು, ಅಂದರೆ ಸ್ಪಾನ್ಸರ್ ಮಾಡಬೇಕು. ಮೊದಲೇ ವೀಸಾ ಮಾತೆತ್ತಿದರೆ ಇಂಟರ್‌ವ್ಯೂಗೂ ಕರೆಯಲ್ಲ, ಆಫರ್ ಕೈಗೆ ಬರುವವರೆಗೆ ಬಾಯಿ ಬಿಡಬೇಡ ಅಂತಾನೆ ರೂಮ್‌ಮೇಟ್. ಏನು ಮಾಡಲಿ?
– ದಾವಣಗೆರೆಯ ಓದುಗ

ಉತ್ತರ: ರೆಸ್ಯೂಮೆಯ ತಲೆಯಲ್ಲೇ ವೀಸಾ ವಿಷಯ ಬರೆಯಬೇಡಿ, ಅಷ್ಟರಮಟ್ಟಿಗೆ ರೂಮ್‌ಮೇಟ್ ಹೇಳಿದ್ದು ಸರಿ. ಆದರೆ ಎಲ್ಲ ರೌಂಡ್ ಮುಗಿದ ಮೇಲೆ "ನಮ್ಮ ಹತ್ರ ಸ್ಪಾನ್ಸರ್ ಮಾಡೋ ಲೈಸೆನ್ಸೇ ಇಲ್ಲ" ಅಂದರೆ ಹಾಳಾಗೋದು ನಿಮ್ಮ ವೀಸಾದ ದಿನಗಳು, ಅಲ್ವಾ? ಗ್ರಾಜುಯೇಟ್ ವೀಸಾ ಮತ್ತೆ ವಿಸ್ತರಣೆ ಆಗುವುದಿಲ್ಲ. ಲೈಸೆನ್ಸ್ ಇರುವ ಕಂಪನಿಗಳ ಪಟ್ಟಿ ಬ್ರಿಟನ್ ಸರ್ಕಾರದ ವೆಬ್‌ಸೈಟ್‌ನಲ್ಲೇ ಇದೆ. ಅರ್ಜಿ ಹಾಕುವ ಮುಂಚೆ ಅಲ್ಲಿ ಹೆಸರು ಹುಡುಕಿ. ಹೆಸರಿದ್ದ ಮಾತ್ರಕ್ಕೆ ನಿಮ್ಮ ಹುದ್ದೆಗೂ ಸ್ಪಾನ್ಸರ್ ಮಾಡುತ್ತಾರೆ ಅಂತಲ್ಲ, ಅದನ್ನು ಕೇಳಿಯೇ ತಿಳಿಯಬೇಕು.

ಫಾರ್ಮ್‌ನಲ್ಲಿ "ಈಗ ಅಥವಾ ಮುಂದೆ ಸ್ಪಾನ್ಸರ್‌ಶಿಪ್ ಬೇಕಾ" ಅಂತ ಇದ್ದರೆ ಹೌದು ಅಂತಲೇ ಹಾಕಿ. ಇಲ್ಲದಿದ್ದರೆ ರಿಕ್ರೂಟರ್ ಮೊದಲ ಸಲ ಫೋನ್ ಮಾಡಿ ಸಂಬಳದ ಮಾತೆತ್ತುತ್ತಾರಲ್ಲ, ಆಗಲೇ ಹೇಳಿ: ಇಂಥ ತಿಂಗಳವರೆಗೆ ಸ್ಪಾನ್ಸರ್ ಇಲ್ಲದೆ ಕೆಲಸ ಮಾಡಬಹುದು, ಆಮೇಲೆ ಕಂಪನಿ ಸ್ಪಾನ್ಸರ್ ಮಾಡುವ ಸ್ಕಿಲ್ಡ್ ವರ್ಕರ್ ವೀಸಾ ಬೇಕು, ಈ ಹುದ್ದೆಗೆ ಕೊಡುತ್ತೀರಾ? ತಪ್ಪು ಮಾಡಿದವರ ಹಾಗೆ ಕೇಳಬೇಡಿ.

ಸಂಬಳದ ಲೆಕ್ಕ ಮಾತ್ರ ನಿಮಗೆ ಬಾಯಿಪಾಠ ಇರಬೇಕು, ಯಾಕೆಂದರೆ ಫೋನ್ ಮಾಡುವವರಿಗೆ ಅದು ಗೊತ್ತಿರಲೇಬೇಕು ಅಂತೇನಿಲ್ಲ. 2025ರ ಜುಲೈ 22ರಿಂದ ಈ ವೀಸಾಗೆ ಸಾಮಾನ್ಯವಾಗಿ ಬೇಕಾದ ಕನಿಷ್ಠ ಸಂಬಳ ವರ್ಷಕ್ಕೆ 41,700 ಪೌಂಡ್. ಈ ಅಂಕಿ ನೋಡಿಯೇ ಆಗಲ್ಲ ಅಂದುಬಿಡುವವರೂ ಇರುತ್ತಾರೆ. ಆದರೆ ಗ್ರಾಜುಯೇಟ್ ವೀಸಾದಿಂದ ಬದಲಾಗುವ ನಿಮ್ಮಂಥವರು 'ನ್ಯೂ ಎಂಟ್ರಂಟ್' (ಹೊಸದಾಗಿ ಕೆಲಸಕ್ಕೆ ಸೇರುವವರು) ಲೆಕ್ಕಕ್ಕೆ ಬರುತ್ತೀರಿ. ನಿಮಗೆ 33,400 ಪೌಂಡ್, ಇಲ್ಲವೇ ಆ ಕೆಲಸಕ್ಕೆ ಸರ್ಕಾರ ಗೊತ್ತುಮಾಡಿದ ದರದ ಶೇ 70, ಇವೆರಡರಲ್ಲಿ ಯಾವುದು ಜಾಸ್ತಿಯೋ ಅದು. ಈ ರಿಯಾಯಿತಿ ಒಟ್ಟು 4 ವರ್ಷ ಮಾತ್ರ, ಗ್ರಾಜುಯೇಟ್ ವೀಸಾದಲ್ಲಿ ಕಳೆದ ಕಾಲವೂ ಅದರಲ್ಲೇ ಸೇರುತ್ತದೆ. ಹಾಗಾಗಿ ಮುಂದೆ ಸಂಬಳ ಎಷ್ಟು ಏರುತ್ತದೆ ಅಂತಲೂ ಕೇಳಿಕೊಳ್ಳಿ.

"ಖರ್ಚು ನಾನೇ ಕೊಡ್ತೀನಿ" ಅನ್ನಬೇಡಿ. ವೀಸಾ ಅರ್ಜಿಯ ಶುಲ್ಕ ನೀವು ಕಟ್ಟಬಹುದು, ಆದರೆ ಕಂಪನಿ ನಿಮ್ಮ ಹೆಸರಿಗೆ ಕೊಡುವ ಸ್ಪಾನ್ಸರ್‌ಶಿಪ್ ಸರ್ಟಿಫಿಕೇಟಿನ ಶುಲ್ಕ ಮತ್ತು ಹೊರದೇಶದವರನ್ನು ಸ್ಪಾನ್ಸರ್ ಮಾಡಿದ್ದಕ್ಕೆ ಸರ್ಕಾರಕ್ಕೆ ಕಟ್ಟುವ ಇಮಿಗ್ರೇಷನ್ ಸ್ಕಿಲ್ಸ್ ಚಾರ್ಜ್ ಕಂಪನಿಯೇ ಹೊರಬೇಕು, ನಿಮ್ಮ ಸಂಬಳದಲ್ಲಿ ಮುರಿದುಕೊಳ್ಳುವಂತಿಲ್ಲ. ಸರ್ಟಿಫಿಕೇಟಿಗೆ ಲಕ್ಷಗಟ್ಟಲೆ ಕೇಳುವ ಏಜೆಂಟರು ಸಿಕ್ಕರೆ ಸುಮ್ನೆ ಫೋನ್ ಇಟ್ಟುಬಿಡಿ.

ಅಂದಹಾಗೆ, ಇನ್ನೂ ಸ್ಟೂಡೆಂಟ್ ವೀಸಾದಲ್ಲಿರುವ ಗೆಳೆಯರಿದ್ದರೆ ಹೇಳಿ: ಅಲ್ಲಿಂದಲೇ ನೇರವಾಗಿ ಸ್ಕಿಲ್ಡ್ ವರ್ಕರ್‌ಗೆ ಬದಲಾದರೆ ಕಂಪನಿಗೆ ಆ ಸ್ಕಿಲ್ಸ್ ಚಾರ್ಜ್ ಬೀಳುವುದಿಲ್ಲ.