ಪ್ರವಾಸ ಪ್ರಶ್ನೋತ್ತರ: ಅಲಾಸ್ಕಾ ಹೆದ್ದಾರಿಯಲ್ಲಿ ತಂಡದೊಂದಿಗೆ ಮೊದಲ ಆರ್‌ವಿ ಪ್ರಯಾಣ

ಪ್ರಶ್ನೆ: ಮೂಲತಃ ಶಿವಮೊಗ್ಗದವರಾದ ನಾವು ಬಹಳ ವರ್ಷಗಳಿಂದ ಡಲ್ಲಾಸ್‌ನಲ್ಲಿ ನೆಲೆಸಿದ್ದೇವೆ. ಇಬ್ಬರೂ ಅಮೆರಿಕದ ಪೌರರು, ಈಗ ನಿವೃತ್ತರು. ನನಗೆ 67 ವರ್ಷ, ನನ್ನ ಪತ್ನಿಗೆ 63. ಮುಂದಿನ ಬೇಸಿಗೆಯಲ್ಲಿ ಮೋಟರ್‌ಹೋಮ್ (ಮಲಗುವ, ಅಡುಗೆ ಮಾಡುವ ವ್ಯವಸ್ಥೆ ಒಳಗೇ ಇರುವ ವಾಹನ, ಅಂದರೆ ಆರ್‌ವಿ) ಒಂದನ್ನು ಬಾಡಿಗೆಗೆ ಪಡೆದು, ಮಾರ್ಗದರ್ಶಕರಿರುವ ಕ್ಯಾರವಾನ್ ತಂಡದೊಂದಿಗೆ ಸುಮಾರು ಎರಡು ತಿಂಗಳ ಅಲಾಸ್ಕಾ ಪ್ರವಾಸ ಮಾಡಬೇಕೆಂಬ ಆಸೆಯಿದೆ. ಕಾರು ಬಿಟ್ಟರೆ ಬೇರೆ ವಾಹನ ಓಡಿಸಿದವರಲ್ಲ. ಅನುಭವವಿಲ್ಲದೆ ಅಷ್ಟು ದೂರ ಬೇಡವೆಂದು ಮಗಳು ಹೇಳುತ್ತಾಳೆ. ಜೊತೆಯಲ್ಲಿ ಮಾರ್ಗದರ್ಶಕರೇ ಇರುವಾಗ ಅನುಭವದ ಅಗತ್ಯವಿದೆಯೇ? ಇಷ್ಟು ದೊಡ್ಡ ಶುಲ್ಕಕ್ಕೆ ಪ್ರತಿಯಾಗಿ ನಮಗೆ ಸಿಗುವುದಾದರೂ ಏನು?
— ಓದುಗ ದಂಪತಿ, ಡಲ್ಲಾಸ್

ಉತ್ತರ: ಖಂಡಿತ ಹೋಗಿ. ಆದರೆ ನಿಮ್ಮ ಮೊದಲ ಆರ್‌ವಿ ಪ್ರಯಾಣ ಅಲಾಸ್ಕಾದ್ದಾಗದಿರಲಿ. ಈ ಮಾತಿನ ಮಟ್ಟಿಗೆ ನಾನು ನಿಮ್ಮ ಮಗಳ ಪಕ್ಷ.

ಮಾರ್ಗದರ್ಶಕರಿರುವ ತಂಡವೆಂದರೆ ಏನೆಂಬುದನ್ನು ಮೊದಲು ಸ್ಪಷ್ಟಪಡಿಸಿಕೊಳ್ಳೋಣ. ಅಮೆರಿಕದಲ್ಲಿ ಈ ಬಗೆಯ ಪ್ರವಾಸವನ್ನು ಜನಪ್ರಿಯಗೊಳಿಸಿದವರು ಏರ್‌ಸ್ಟ್ರೀಮ್ ಟ್ರೇಲರ್‌ಗಳ ತಯಾರಕರಾದ ವಾಲಿ ಬಯಮ್. ಅವರು 1951ರಲ್ಲಿ ಟ್ರೇಲರ್‌ಗಳ ದೊಡ್ಡ ಗುಂಪೊಂದನ್ನು ಮೆಕ್ಸಿಕೊ ಮತ್ತು ಮಧ್ಯ ಅಮೆರಿಕದ ಕಡೆಗೆ ಕರೆದೊಯ್ದರು. 1959ರಲ್ಲಿ ಆಫ್ರಿಕಾದ ಕೇಪ್‌ಟೌನ್‌ನಿಂದ ಕೈರೋದತ್ತ ಹೊರಟ ತಂಡವೂ ಅವರದೇ. ಇಂದಿನ ತಂಡಗಳಲ್ಲಿ ಸಾಮಾನ್ಯವಾಗಿ ಇಪ್ಪತ್ತರ ಆಸುಪಾಸಿನಷ್ಟು ವಾಹನಗಳಿರುತ್ತವೆ. ಮುಂದಾಳುವನ್ನು ವ್ಯಾಗನ್ ಮಾಸ್ಟರ್ ಎನ್ನುತ್ತಾರೆ. ಎಲ್ಲರೂ ಹೊರಟ ಮೇಲೆ ಕೊನೆಯಲ್ಲಿ ಬರುತ್ತ, ದಾರಿಯಲ್ಲಿ ಕೆಟ್ಟು ನಿಂತವರಿಗೆ ನೆರವಾಗುವವರನ್ನು ಟೇಲ್ ಗನ್ನರ್ ಎನ್ನುತ್ತಾರೆ. ಹೆಚ್ಚಿನವರು ಊಹಿಸಿಕೊಂಡಿರುವಂತೆ ಇಪ್ಪತ್ತು ವಾಹನಗಳು ಮದುವೆಯ ದಿಬ್ಬಣದಂತೆ ಸಾಲಾಗಿ ಸಾಗುವುದಿಲ್ಲ. ಮೈಲಿಗಲ್ಲಿನ ಲೆಕ್ಕದಲ್ಲಿ ತಿರುವು, ಪೆಟ್ರೋಲ್ ಬಂಕ್ ಮತ್ತು ನೋಡತಕ್ಕ ಜಾಗಗಳನ್ನು ಗುರುತಿಸಿದ ದಾರಿಪುಸ್ತಕವೊಂದನ್ನು ನಿಮ್ಮ ಕೈಗೆ ಕೊಡುತ್ತಾರೆ. ಮರುದಿನದ ದಾರಿಯ ಬಗ್ಗೆ ಸಭೆ ಸೇರಿ ವಿವರಿಸುತ್ತಾರೆ. ಬಳಿಕ ನಿಮ್ಮ ಅನುಕೂಲದ ಹೊತ್ತಿಗೆ ಹೊರಟು, ಬೇಕಾದಲ್ಲಿ ನಿಂತು, ಸಂಜೆಯೊಳಗೆ ಕ್ಯಾಂಪ್‌ಗ್ರೌಂಡ್ ಸೇರಿದರಾಯಿತು.

ನೀವು ಕೊಡುವ ಹಣದಲ್ಲಿ ಕ್ಯಾಂಪ್‌ಗ್ರೌಂಡ್‌ಗಳ ಮುಂಗಡ ಕಾಯ್ದಿರಿಸುವಿಕೆ, ದೋಣಿ ಮತ್ತು ಬಸ್ ವಿಹಾರಗಳ ಟಿಕೆಟ್, ಕೆಲವು ಸಾಮೂಹಿಕ ಊಟಗಳು ಸಾಮಾನ್ಯವಾಗಿ ಸೇರಿರುತ್ತವೆ. ಇಂಧನ, ವಾಹನದ ಬಾಡಿಗೆ ಮತ್ತು ದಿನನಿತ್ಯದ ಅಡುಗೆಯ ಖರ್ಚು ಸೇರಿರುವುದಿಲ್ಲ. ಬಾಡಿಗೆಗೆ ಸಿಗುವ ಮೋಟರ್‌ಹೋಮ್ ಗ್ಯಾಲನ್ನಿಗೆ 8ರಿಂದ 10 ಮೈಲಿ ಓಡಿದರೆ ಹೆಚ್ಚು. ಇನ್ನೊಂದು ಸಂಗತಿಯನ್ನು ಬಹಳ ಮಂದಿ ಗಮನಿಸುವುದೇ ಇಲ್ಲ. ಅಲಾಸ್ಕಾ ತಂಡಗಳು ಒಟ್ಟು ಸೇರುವುದು ಹಲವು ವೇಳೆ ಕೆನಡಾದ ಡಾಸನ್ ಕ್ರೀಕ್ ಸುತ್ತಮುತ್ತ. ಡಲ್ಲಾಸ್‌ನಿಂದ ಅಲ್ಲಿಗೆ ಎರಡು ಸಾವಿರ ಮೈಲಿಗೂ ಮಿಕ್ಕ ದಾರಿಯಿದೆ. ಅಷ್ಟು ದೂರ ನಿಮ್ಮ ಜೊತೆಗೆ ಯಾವ ಮಾರ್ಗದರ್ಶಕರೂ ಇರುವುದಿಲ್ಲ. ಅನುಭವ ಬೇಕೇ ಎಂಬ ಪ್ರಶ್ನೆಗೆ ಅರ್ಧ ಉತ್ತರ ಇಲ್ಲಿಯೇ ಇದೆ.

ಉಳಿದರ್ಧ ಉತ್ತರ ವಾಹನದಲ್ಲಿದೆ. ವ್ಯಾಗನ್ ಮಾಸ್ಟರ್ ದಾರಿ ತೋರಿಸುತ್ತಾರೆಯೇ ಹೊರತು ನಿಮ್ಮ ಸ್ಟಿಯರಿಂಗ್ ಹಿಡಿಯುವುದಿಲ್ಲ, ನಿಮ್ಮ ಟ್ಯಾಂಕ್ ಖಾಲಿ ಮಾಡುವುದಿಲ್ಲ. ಮೋಟರ್‌ಹೋಮಿನಲ್ಲಿ ಹಿಂದಿನ ಚಕ್ರಗಳಿಂದಾಚೆಗೂ ಹಲವು ಅಡಿಗಳಷ್ಟು ದೇಹ ಚಾಚಿಕೊಂಡಿರುತ್ತದೆ. ಬಂಕಿನಿಂದ ಹೊರಡುವಾಗ ನೀವು ಸ್ಟಿಯರಿಂಗನ್ನು ಪೂರ್ತಿ ಎಡಕ್ಕೆ ತಿರುಗಿಸಿದರೆ ಆ ಬಾಲದ ಭಾಗ ಬಲಕ್ಕೆ ಬೀಸಿಕೊಂಡು ಪಂಪಿನ ಪಕ್ಕದ ಕಂಬಕ್ಕೆ ತಾಗುತ್ತದೆ. ಹೊಸಬರ ವಾಹನಕ್ಕೆ ಪೆಟ್ಟು ಬೀಳುವುದು ಹೆಚ್ಚಾಗಿ ಹೀಗೆಯೇ. ಪಂಪು ದಾಟುವ ತನಕ ನೇರವಾಗಿ ಮುಂದೆ ಬಂದು ಆಮೇಲೆ ತಿರುಗಿಸುವುದನ್ನು ಖಾಲಿ ಪಾರ್ಕಿಂಗ್ ಜಾಗದಲ್ಲಿ ಇಬ್ಬರೂ ಅಭ್ಯಾಸ ಮಾಡಬೇಕು. ಇಬ್ಬರೂ ಎಂದು ಒತ್ತಿ ಹೇಳುತ್ತಿದ್ದೇನೆ, ಏಕೆಂದರೆ ಒಬ್ಬರಿಗೆ ಜ್ವರ ಬಂದರೂ ಮರುದಿನದ ಕ್ಯಾಂಪ್‌ಗ್ರೌಂಡ್ ಕಾಯ್ದಿರಿಸಿಯೇ ಇರುತ್ತದೆ ಮತ್ತು ತಂಡ ಮುಂದಕ್ಕೆ ಹೋಗಿರುತ್ತದೆ. ಹಿಮ್ಮುಖವಾಗಿ ನಿಲ್ಲಿಸುವಾಗ ಕೆಳಗಿಳಿದು ಸನ್ನೆ ಮಾಡುವವರು ಚಾಲಕರ ಕನ್ನಡಿಯಲ್ಲಿ ಕಾಣಿಸುವಂತೆಯೇ ನಿಲ್ಲಬೇಕು. ಸನ್ನೆಗಳನ್ನು ಮನೆಯಲ್ಲಿಯೇ ಮಾತಾಡಿಕೊಂಡಿದ್ದರೆ ಇಳಿಹೊತ್ತಿನ ದಣಿವಿನಲ್ಲಿ ದಂಪತಿಯ ನಡುವೆ ಮಾತು ಬಿರುಸಾಗುವುದು ತಪ್ಪುತ್ತದೆ.

ಟ್ಯಾಂಕ್‌ಗಳ ವಿಷಯವನ್ನು ಸಂಕೋಚವಿಲ್ಲದೆ ಹೇಳುತ್ತೇನೆ, ಏಕೆಂದರೆ ಮೊದಲ ಬಾರಿ ಹೋಗುವವರಿಗೆ ಹೆಚ್ಚಿನ ಅಳುಕಿರುವುದು ಇದರ ಬಗ್ಗೆಯೇ. ಶೌಚದ ನೀರು ಬ್ಲ್ಯಾಕ್ ಟ್ಯಾಂಕಿಗೂ ಸ್ನಾನ ಹಾಗೂ ಪಾತ್ರೆ ತೊಳೆದ ನೀರು ಗ್ರೇ ಟ್ಯಾಂಕಿಗೂ ಹೋಗುತ್ತದೆ. ಕೈಗವಸು ಹಾಕಿಕೊಂಡು, ಕೊಳವೆಯನ್ನು ಎರಡೂ ತುದಿಗಳಲ್ಲಿ ಭದ್ರವಾಗಿ ಸಿಕ್ಕಿಸಿ, ಮೊದಲು ಬ್ಲ್ಯಾಕ್ ಟ್ಯಾಂಕನ್ನು ಖಾಲಿ ಮಾಡಬೇಕು. ಅದರ ವಾಲ್ವ್ ಮುಚ್ಚಿದ ಮೇಲೆ ಗ್ರೇ ಟ್ಯಾಂಕನ್ನು ತೆರೆದರೆ ಆ ಸಾಬೂನು ನೀರೇ ಕೊಳವೆಯನ್ನು ತೊಳೆದುಬಿಡುತ್ತದೆ. ಕ್ಯಾಂಪ್‌ಗ್ರೌಂಡಿನಲ್ಲಿ ಒಳಚರಂಡಿಯ ಸಂಪರ್ಕವಿದೆಯೆಂದು ಬ್ಲ್ಯಾಕ್ ಟ್ಯಾಂಕಿನ ವಾಲ್ವನ್ನು ಸದಾ ತೆರೆದಿಡಬಾರದು. ಹಾಗೆ ಮಾಡಿದರೆ ನೀರು ಮಾತ್ರ ಹರಿದುಹೋಗಿ, ಗಟ್ಟಿ ಪದಾರ್ಥ ತಳದಲ್ಲಿ ಕುಳಿತು ಒಣಗುತ್ತದೆ. ಸಾಕಷ್ಟು ತುಂಬಿದ ಮೇಲೆ ಒಮ್ಮೆಗೇ ಬಿಟ್ಟರೆ ರಭಸಕ್ಕೆ ಎಲ್ಲವೂ ಹೊರಬರುತ್ತದೆ. ಕುಡಿಯುವ ನೀರಿನ ಕೊಳವೆ ಬೇರೆಯೇ ಇರಬೇಕು, ಅದನ್ನು ಬೇರೆಯೇ ಗೂಡಿನಲ್ಲಿ ಇಡಬೇಕು.

ಇವೆಲ್ಲವೂ ಕೈಗೆ ರೂಢಿಯಾಗಲು ಟೆಕ್ಸಸ್ಸಿನೊಳಗೇ, ಮನೆಗೆ ಒಂದೆರಡು ಗಂಟೆಯ ದೂರದ ಯಾವುದಾದರೂ ರಾಜ್ಯ ಉದ್ಯಾನದಲ್ಲಿ, ನೀವು ಬಾಡಿಗೆಗೆ ಪಡೆಯಲಿರುವಷ್ಟೇ ಉದ್ದದ ವಾಹನದೊಂದಿಗೆ ಒಂದು ವಾರಾಂತ್ಯ ಕಳೆಯಿರಿ. ಅದಾದ ಮೇಲೆ ಒಂದೆರಡು ವಾರದ ಮಾರ್ಗದರ್ಶಿ ತಂಡವೊಂದಕ್ಕೆ ಸೇರಿಕೊಳ್ಳಿ. ನಿಮಗೆ ಈ ಜೀವನಕ್ರಮ ಹಿಡಿಸುತ್ತದೆಯೇ, ದಿನವೂ ಅವೇ ಮುಖಗಳೊಂದಿಗೆ ಬೆರೆಯುವುದು ಇಷ್ಟವಾಗುತ್ತದೆಯೇ ಎಂಬುದು ಅಷ್ಟರಲ್ಲಿ ತಿಳಿದುಹೋಗುತ್ತದೆ. ಎರಡು ತಿಂಗಳಿಗೆ ಹಣ ಕಟ್ಟಿದ ಮೇಲೆ ಅದು ತಿಳಿದರೆ ಕಷ್ಟ. ಇದರಿಂದ ಅಲಾಸ್ಕಾ ಒಂದು ವರ್ಷ ಮುಂದಕ್ಕೆ ಹೋಗಬಹುದು, ಹೋಗಲಿ ಬಿಡಿ.

ಅಲಾಸ್ಕಾ ಹೆದ್ದಾರಿಯ ಸ್ವಭಾವವನ್ನೂ ತಿಳಿದುಕೊಂಡಿರಿ. ಡಾಸನ್ ಕ್ರೀಕ್‌ನಿಂದ ಅಲಾಸ್ಕಾದ ಡೆಲ್ಟಾ ಜಂಕ್ಷನ್‌ವರೆಗಿನ ಈ ರಸ್ತೆಯನ್ನು ಎರಡನೆಯ ಮಹಾಯುದ್ಧದ ಕಾಲದಲ್ಲಿ, 1942ರಲ್ಲಿ, ಅಮೆರಿಕದ ಸೇನೆ ತಿಂಗಳುಗಳ ಅವಧಿಯಲ್ಲಿ ಕಡಿದು ನಿರ್ಮಿಸಿತು; 1948ರಲ್ಲಿ ಸಾರ್ವಜನಿಕರಿಗೆ ತೆರೆಯಿತು. ಇಂದು ಸುಮಾರು 1,390 ಮೈಲಿ ಉದ್ದವಿರುವ ರಸ್ತೆಗೆ ಡಾಂಬರು ಬಿದ್ದಿದೆ. ಆದರೂ ಕೆನಡಾದ ಯೂಕಾನ್ ಪ್ರದೇಶದ ಡಿಸ್ಟ್ರಕ್ಷನ್ ಬೇ ದಾಟಿ ಅಲಾಸ್ಕಾ ಗಡಿಯತ್ತ ಸಾಗುವಾಗ, ಸದಾ ಹೆಪ್ಪುಗಟ್ಟಿರುವ ನೆಲ ಅಲ್ಲಲ್ಲಿ ಕರಗಿ ಕುಸಿಯುವುದರಿಂದ ಮತ್ತು ಮಂಜುಗಡ್ಡೆ ಉಬ್ಬುವುದರಿಂದ, ರಸ್ತೆ ಅಲೆಯಂತೆ ಏರಿಳಿಯುತ್ತದೆ. ಅಲ್ಲಿ ವೇಗ ತಗ್ಗಿಸದಿದ್ದರೆ ಕಪಾಟಿನ ಪಾತ್ರೆಗಳೆಲ್ಲ ನೆಲಕ್ಕೆ ಬರುತ್ತವೆ, ಕೆಲವೊಮ್ಮೆ ವಾಹನದ ಸ್ಪ್ರಿಂಗ್ ಮುರಿಯುತ್ತದೆ. ಫೋರ್ಟ್ ನೆಲ್ಸನ್‌ನಿಂದ ವಾಟ್ಸನ್ ಲೇಕ್‌ವರೆಗಿನ ಸುಮಾರು 500 ಕಿಲೋಮೀಟರ್ ದಾರಿಯಲ್ಲಿ ದೊಡ್ಡ ಊರುಗಳಿಲ್ಲ. ಔಷಧಗಳನ್ನು ಪ್ರವಾಸದ ಪೂರ್ತಿ ಅವಧಿಗೆ, ವೈದ್ಯರ ಚೀಟಿಯೊಂದಿಗೆ ಇಟ್ಟುಕೊಂಡೇ ಹೊರಡಿ. ಇದೇ ಹಾದಿಯಲ್ಲಿರುವ ಲಿಯಾರ್ಡ್ ನದಿಯ ಬಿಸಿನೀರ ಬುಗ್ಗೆಯಲ್ಲಿ ಮೀಯುವ ಅವಕಾಶ ಸಿಕ್ಕರೆ ಬಿಡಬೇಡಿ. ಅಲಾಸ್ಕಾದಲ್ಲಿ ನಿಮ್ಮ ಹಿಂದೆ ಐದು ವಾಹನಗಳು ಸಿಕ್ಕಿಕೊಂಡರೆ ಸುರಕ್ಷಿತ ಜಾಗದಲ್ಲಿ ಬದಿಗೆ ಸರಿದು ದಾರಿ ಬಿಡಬೇಕೆಂಬುದು ಕಾನೂನು. ಡೆನಾಲಿ ರಾಷ್ಟ್ರೀಯ ಉದ್ಯಾನದ ರಸ್ತೆಯಲ್ಲಿ ಬೇಸಿಗೆಯಲ್ಲಿ ಸ್ವಂತ ವಾಹನಕ್ಕೆ ಸಾಮಾನ್ಯವಾಗಿ ಮೊದಲ 15 ಮೈಲಿಯವರೆಗಷ್ಟೇ ಪ್ರವೇಶ, ಮುಂದಕ್ಕೆ ಬಸ್ಸೇ ಗತಿ. ಇಂತಹ ಬಸ್ ಟಿಕೆಟ್‌ಗಳನ್ನು ತಂಡದವರೇ ಮುಂಚಿತವಾಗಿ ತೆಗೆದಿಟ್ಟಿರುವುದರ ಬೆಲೆ ಏನೆಂಬುದು ಅಲ್ಲಿಗೆ ಹೋದಾಗ ಗೊತ್ತಾಗುತ್ತದೆ.

ಹಣ ಕಟ್ಟುವ ಮೊದಲು ಎರಡು ಕಾಗದಗಳನ್ನು ಸಾಲು ಸಾಲಾಗಿ ಓದಬೇಕು. ಬಾಡಿಗೆ ಒಪ್ಪಂದ ಮೊದಲನೆಯದು. ಜಲ್ಲಿ ರಸ್ತೆಯಲ್ಲಿ ಅಥವಾ ದೂರದ ಉತ್ತರದಲ್ಲಿ ತಮ್ಮ ವಾಹನ ಓಡಿಸಕೂಡದೆಂದು ಷರತ್ತು ಹಾಕುವ, ಬಾಡಿಗೆಗೆ ಕೊಡುವ ಸಂಸ್ಥೆಗಳಿವೆ. ಯೂಕಾನ್‌ನ ಡಾಸನ್ ಸಿಟಿಯಿಂದ (ಡಾಸನ್ ಕ್ರೀಕ್ ಬೇರೆ ಊರು) ಅಲಾಸ್ಕಾದ ಚಿಕನ್ ಎಂಬ ಊರಿನತ್ತ ಹೋಗುವ ಟಾಪ್ ಆಫ್ ದ ವರ್ಲ್ಡ್ ಹೆದ್ದಾರಿ ನಿಮ್ಮ ತಂಡದ ಮಾರ್ಗದಲ್ಲಿದ್ದರೆ, ಅದರಲ್ಲಿ ಜಲ್ಲಿಯ ಭಾಗ ಸಾಕಷ್ಟಿದೆ. ಲಿಖಿತ ಅನುಮತಿಯಿಲ್ಲದೆ ಹೋದರೆ ವಿಮೆ ಕೈಕೊಡುತ್ತದೆ. ಎರಡನೆಯದು ಆರೋಗ್ಯ ವಿಮೆ. ಮೆಡಿಕೇರ್ (ಮುಖ್ಯವಾಗಿ 65 ದಾಟಿದವರಿಗೆ ಇರುವ ಅಮೆರಿಕ ಸರ್ಕಾರದ ಆರೋಗ್ಯ ವಿಮೆ) ಸಾಮಾನ್ಯವಾಗಿ ಅಮೆರಿಕದ ಹೊರಗಿನ ಚಿಕಿತ್ಸೆಗೆ ಹಣ ಕೊಡುವುದಿಲ್ಲ. ಅಲಾಸ್ಕಾಕ್ಕೂ ಇನ್ನೊಂದು ರಾಜ್ಯಕ್ಕೂ ನಡುವೆ, ಅನಗತ್ಯ ವಿಳಂಬವಿಲ್ಲದೆ, ಅತ್ಯಂತ ನೇರವಾದ ದಾರಿಯಲ್ಲಿ ಕೆನಡಾ ಮೂಲಕ ಸಾಗುತ್ತಿರುವಾಗ ತುರ್ತು ಚಿಕಿತ್ಸೆ ಬೇಕಾಗಿ, ಕೆನಡಾದ ಆಸ್ಪತ್ರೆಯೇ ಹತ್ತಿರವಿದ್ದರೆ ಮಾತ್ರ ಒಂದು ವಿನಾಯಿತಿಯಿದೆ. ಆದರೆ ಅಲ್ಲಲ್ಲಿ ತಂಗುತ್ತ, ಬಳಸುದಾರಿಗಳಲ್ಲಿ ಸುತ್ತುತ್ತ ಹೋಗುವ ಪ್ರವಾಸಿಗರು ಆ ವಿನಾಯಿತಿಯನ್ನು ನೆಚ್ಚಿಕೊಂಡಿರುವುದು ಜಾಣತನವಲ್ಲ. ಕೆನಡಾಕ್ಕೂ ಅನ್ವಯಿಸುವ, ಏರ್ ಆಂಬುಲೆನ್ಸ್ ವೆಚ್ಚವನ್ನೂ ಭರಿಸುವ ಪ್ರತ್ಯೇಕ ಪ್ರವಾಸ ವಿಮೆಯನ್ನು ಇಬ್ಬರಿಗೂ ಮಾಡಿಸಿ. ಶುಲ್ಕ ಕಟ್ಟಿದ ಮೇಲೆ ಹೊರಡಲಾಗದಿದ್ದರೆ ಎಷ್ಟು ಹಣ ಹಿಂದಿರುಗುತ್ತದೆ ಎಂಬುದನ್ನೂ ತಂಡದವರಿಂದ ಬರಹದಲ್ಲಿ ಪಡೆದುಕೊಳ್ಳಿ.

ಪ್ರಶ್ನೆ: ಸಿಯಾಟಲ್‌ನಲ್ಲಿರುವ ಮಗ ಇಂತಹದೇ ತಂಡದೊಂದಿಗೆ ಅಲಾಸ್ಕಾಕ್ಕೆ ಹೋಗುವಾಗ ನಮ್ಮನ್ನೂ ಕರೆದೊಯ್ಯುತ್ತೇನೆ ಎನ್ನುತ್ತಿದ್ದಾನೆ. ನಮ್ಮಲ್ಲಿ ಅಮೆರಿಕದ ಸಂದರ್ಶಕ ವೀಸಾ ಇದೆ. ಅದು ಸಾಕಾಗುತ್ತದೆಯೇ?
— ಮೈಸೂರಿನ ಓದುಗರು

ಉತ್ತರ: ಸಾಕಾಗುವುದಿಲ್ಲ. ಸಿಯಾಟಲ್‌ನಿಂದ ಅಲಾಸ್ಕಾಕ್ಕೆ ರಸ್ತೆಯಲ್ಲಿ ಹೋಗಬೇಕಾದರೆ ಕೆನಡಾವನ್ನು ದಾಟಲೇಬೇಕು. ಭಾರತದ ಪಾಸ್‌ಪೋರ್ಟ್ ಮತ್ತು ಅಮೆರಿಕದ ಸಂದರ್ಶಕ ವೀಸಾ ಇರುವವರು ರಸ್ತೆಯ ಗಡಿಯಲ್ಲಿ ಕೆನಡಾ ಪ್ರವೇಶಿಸಲು ಕೆನಡಾದ ವೀಸಾವನ್ನೂ ಮುಂಚೆಯೇ ಪಡೆದಿರಬೇಕು. ಒಂದೇ ಪ್ರವಾಸದಲ್ಲಿ ಗಡಿಯನ್ನು ಹಲವು ಬಾರಿ ದಾಟುವುದರಿಂದ ಎರಡೂ ದೇಶಗಳ ವೀಸಾ ಬಹುಪ್ರವೇಶದ್ದಾಗಿರಲಿ. ಅಮೆರಿಕಕ್ಕೆ ಬಂದಿಳಿದಾಗ ಕೊಡುವ ಐ-94 ದಾಖಲೆಯಲ್ಲಿನ, ಅಲ್ಲಿ ಉಳಿಯಲು ಅನುಮತಿಯಿರುವ ಕೊನೆಯ ದಿನಾಂಕಕ್ಕಿಂತ ಸಾಕಷ್ಟು ಮೊದಲೇ ಪ್ರವಾಸ ಮುಗಿಯುವಂತೆ ಮಗನಿಗೆ ಹೇಳಿ.

ನೀವು ಕೇಳದ ಒಂದು ಮಾತನ್ನೂ ಸೇರಿಸುತ್ತೇನೆ. ವಾಹನದಲ್ಲಿ ಆರು ಜನ ಮಲಗಬಹುದು ಎಂದು ಬರೆದಿದ್ದರೂ ಪ್ರಯಾಣಿಸುವಾಗ ಲೆಕ್ಕಕ್ಕೆ ಬರುವುದು ಸೀಟ್‌ಬೆಲ್ಟ್‌ಗಳ ಸಂಖ್ಯೆ. ಚಲಿಸುವ ವಾಹನದಲ್ಲಿ ಹಿಂದಿನ ಹಾಸಿಗೆಯ ಮೇಲೆ ಹಿರಿಯರನ್ನು ಮಲಗಿಸಿಕೊಂಡು ಹೋಗುವುದು ಅಪಾಯ. ದಿನಕ್ಕೆ ಐದಾರು ಗಂಟೆ ಬೆಲ್ಟ್ ಕಟ್ಟಿಕೊಂಡು ಕುಳಿತಿರಲು ಸೊಂಟ, ಮಂಡಿಗಳು ಒಪ್ಪುತ್ತವೆಯೇ ಎಂಬುದನ್ನು ಯೋಚಿಸಿ ಒಪ್ಪಿಕೊಳ್ಳಿ.

ಪ್ರಶ್ನೆ: ನಾವು ಶುದ್ಧ ಸಸ್ಯಾಹಾರಿಗಳು. ಆರ್‌ವಿಯಲ್ಲಿ ನಮ್ಮ ಅಡುಗೆ ಮಾಡಿಕೊಳ್ಳಬಹುದೇ? ತಂಡದ ಊಟಗಳಲ್ಲಿ ತೊಂದರೆಯಾಗುತ್ತದೆಯೇ?
— ಓದುಗರೊಬ್ಬರು, ನ್ಯೂಜೆರ್ಸಿ

ಉತ್ತರ: ಧಾರಾಳವಾಗಿ ಮಾಡಿಕೊಳ್ಳಬಹುದು. ಗ್ಯಾಸ್ ಒಲೆಯಿರುತ್ತದೆ, ಕುಕ್ಕರ್ ಒಯ್ಯಬಹುದು. ಒಗ್ಗರಣೆ ಹಾಕುವ ಮೊದಲು ಚಾವಣಿಯ ಫ್ಯಾನ್ ಹಾಕಿ ಕಿಟಕಿ ತೆರೆಯಿರಿ, ಇಲ್ಲದಿದ್ದರೆ ಸಾಸಿವೆ ಸಿಡಿಯುವಷ್ಟರಲ್ಲಿ ಹೊಗೆಯ ಅಲಾರಂ ಕೂಗುತ್ತದೆ. ಇಂಡಕ್ಷನ್ ಒಲೆ ಬಳಸುವುದಾದರೆ, 30 ಆಂಪಿಯರ್ ಸಂಪರ್ಕದಲ್ಲಿ ಒಟ್ಟು 3,600 ವ್ಯಾಟ್‌ವರೆಗೆ ಮಾತ್ರ ಸಿಗುತ್ತದೆ ಎಂಬುದು ನೆನಪಿರಲಿ. ಎಸಿ ಮತ್ತು ಮೈಕ್ರೋವೇವ್ ಓಡುತ್ತಿರುವಾಗ ಅದನ್ನೂ ಹಚ್ಚಿದರೆ ಬ್ರೇಕರ್ ಬೀಳುತ್ತದೆ. ತಂಡದ ಊಟಗಳ ಬಗ್ಗೆ ಹೆಸರು ನೋಂದಾಯಿಸುವಾಗಲೇ ಬರೆದು ತಿಳಿಸಿ, ಮೀನು ಮತ್ತು ಮಾಂಸದ ಸಾರವನ್ನೂ ತಿನ್ನುವುದಿಲ್ಲವೆಂದು ಬಿಡಿಸಿ ಹೇಳಿ. ಎಲ್ಲರೂ ಒಂದೊಂದು ಅಡುಗೆ ತರುವ ಪಾಟ್‌ಲಕ್ ಸಂಜೆಗಳಿಗೆ ಚಿತ್ರಾನ್ನ ಮಾಡಿಕೊಂಡು ಹೋದರೆ ನಿಮಗೂ ಊಟವಾಯಿತು, ಉಳಿದವರಿಗೂ ರುಚಿ ತೋರಿಸಿದಂತಾಯಿತು.

ಗಡಿಯ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ತಾಜಾ ಕರಿಬೇವನ್ನು ಹೊರದೇಶದಿಂದ ಅಮೆರಿಕದೊಳಕ್ಕೆ ತರುವಂತಿಲ್ಲ, ಏಕೆಂದರೆ ನಿಂಬೆ, ಕಿತ್ತಳೆ ಗಿಡಗಳಿಗೆ ರೋಗ ಹರಡುವ ಕೀಟ ಅದರ ಮೇಲೆ ಬದುಕುತ್ತದೆ. ಕೆನಡಾದಿಂದ ಅಲಾಸ್ಕಾಕ್ಕೆ ದಾಟುವುದೂ ಅಮೆರಿಕ ಪ್ರವೇಶವೇ. ಹಣ್ಣು, ತರಕಾರಿಗಳನ್ನು ಗಡಿಗೆ ಮುಂಚೆ ಮುಗಿಸಿ, ಆಚೆ ಬದಿಯ ಅಂಗಡಿಯಲ್ಲಿ ಮತ್ತೆ ಕೊಳ್ಳುವಂತೆ ಅಡುಗೆಯ ಲೆಕ್ಕ ಹಾಕಿಕೊಳ್ಳಿ. ಉಳಿದಿರುವುದು ಏನೇ ಇದ್ದರೂ ಅಧಿಕಾರಿ ಕೇಳಿದಾಗ ಮುಚ್ಚಿಡದೆ ಹೇಳಿ.